ವಿಳಾಸ ನಮ್ಮದು, ಹೊರೆ ಯಾರದು?



ಹಳೇಬೀಡಿಗೆ ಬಂದವರು ಹೊಯ್ಸಳೇಶ್ವರನನ್ನು ನೋಡಿಕೊಂಡು ಬಸ್ಸು ಹತ್ತಿಬಿಡುವುದೇ ಹೆಚ್ಚು. ಅಲ್ಲಿಂದ ಕೂಗಳತೆಯ ದೂರದಲ್ಲಿ ಬಸ್ತಿಹಳ್ಳಿ ಇದೆ, ಅಲ್ಲಿ ಸಾಲಾಗಿ ಮೂರು ಜಿನಾಲಯಗಳಿವೆ ಎಂಬುದು ಎಷ್ಟೋ ಜನಕ್ಕೆ ಗೊತ್ತಾಗುವುದು ಮನೆ ಸೇರಿದ ಮೇಲೆ. ಹೋದವರು ಮಾತ್ರ ಪಾರ್ಶ್ವನಾಥ ಬಸದಿಯ ನವರಂಗದ ಕಂಬಗಳ ಎದುರು ಒಂದು ಗಳಿಗೆ ನಿಲ್ಲದೆ ಬರುವುದಿಲ್ಲ. ಹೊಯ್ಸಳರ ದಂಡನಾಯಕ ಗಂಗರಾಜನ ಮಗ ಬೊಪ್ಪದೇವ ತಂದೆಯ ನೆನಪಿಗೆಂದು 1133ರಲ್ಲಿ ಕಟ್ಟಿಸಿದ ಬಸದಿ ಅದು. ಕಂಬಗಳಿಗೆ ಕೊಟ್ಟ ನುಣುಪು ಎಂಥದೆಂದರೆ, ಎದುರು ನಿಂತವರ ಬಿಂಬ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ ಕಾಣುತ್ತದೆ. ಈಗಿನ ಹುಡುಗರು ಅದರ ಫೋಟೊ ತೆಗೆದು, ಅಲ್ಲೇ ನಿಂತು ಅಮೆರಿಕದಲ್ಲಿರುವ ಅಣ್ಣನಿಗೋ ಅತ್ತಿಗೆಗೋ ವಾಟ್ಸಾಪ್ ಮಾಡುತ್ತಾರೆ. ಬಸದಿಯಿಂದ ಹೊರಗೆ ಬರುವಷ್ಟರಲ್ಲಿ ಉತ್ತರವೂ ಬಂದಿರುತ್ತದೆ.

ಆ ಉತ್ತರ ಬಸ್ತಿಹಳ್ಳಿಯ ದಾರಿಯನ್ನು ಹೇಗೆ ಕಂಡುಹಿಡಿಯಿತು? ಇಂಟರ್‌ನೆಟ್ಟಿನ ಕವಲು ಕವಲಿನಲ್ಲೂ ರೂಟರ್ ಎಂಬ ಯಂತ್ರ ಕೂತಿರುತ್ತದೆ. ದೊಡ್ಡ ರೂಟರ್‌ಗಳ ಹತ್ತಿರ ಒಂದು ಪಟ್ಟಿ ಇರುತ್ತದೆ. ಇಂಥ ಸಂಖ್ಯೆಗಳಿಂದ ಶುರುವಾಗುವ ವಿಳಾಸಗಳಿಗೆ ಇತ್ತ ಹೋಗು, ಅಂಥವಕ್ಕೆ ಅತ್ತ ಹೋಗು ಎಂದು. ಇದಕ್ಕೆ ರೂಟಿಂಗ್ ಟೇಬಲ್ ಅನ್ನುತ್ತಾರೆ. ಸ್ವಾರಸ್ಯವೇನೆಂದರೆ ಜಗತ್ತಿನ ಯಾವ ರೂಟರಿನ ಪಟ್ಟಿಯಲ್ಲೂ ಬಸ್ತಿಹಳ್ಳಿ ಇಲ್ಲ, ಹಳೇಬೀಡೂ ಇಲ್ಲ. ಆ ಹುಡುಗನ ಫೋನಿಗೆ ವಿಳಾಸ ಕೊಟ್ಟಿರುವುದು ಮೊಬೈಲ್ ಕಂಪನಿ. ಲಕ್ಷಾಂತರ ಫೋನುಗಳ ವಿಳಾಸಗಳನ್ನು ಒಟ್ಟು ಮಾಡಿ 'ಇವೆಲ್ಲ ನನ್ನವು, ನನ್ನ ಬಾಗಿಲಿಗೆ ತಂದುಕೊಡಿ' ಎಂದು ಆ ಕಂಪನಿ ಲೋಕಕ್ಕೆ ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದೆ. ಮಿಕ್ಕದ್ದು ಅದರ ಒಳಗಿನ ವ್ಯವಹಾರ.

ನಮ್ಮ ಹಳೆಯ ಎಸ್‌ಟಿಡಿ ಕೋಡುಗಳೂ ಇದೇ ಲೆಕ್ಕದಲ್ಲಿದ್ದವು. ಹಾಸನಕ್ಕೆ 08172, ಅರಸೀಕೆರೆಗೆ 08174, ಬೇಲೂರಿಗೆ 08177. ಮುಂಬೈಯ ಎಕ್ಸ್‌ಚೇಂಜಿಗೆ ಹಳೇಬೀಡಿನ ಯಾವ ಮನೆಯಲ್ಲಿ ಯಾವ ನಂಬರಿದೆ ಎಂಬ ಗೊಡವೆಯೇ ಇರಲಿಲ್ಲ. ಮೊದಲ ನಾಲ್ಕೈದು ಅಂಕಿ ನೋಡಿ ಕರೆಯನ್ನು ಈ ಕಡೆ ತಳ್ಳಿದರೆ ಅದರ ಕೆಲಸ ಮುಗಿಯಿತು. ಸಂಖ್ಯೆಯೇ ದಾರಿಯನ್ನೂ ಹೇಳುತ್ತಿತ್ತು. ಆದರೆ ಅದಕ್ಕೊಂದು ಬೆಲೆ ಇತ್ತು. ಬೇಲೂರು ಬಿಟ್ಟು ಅರಸೀಕೆರೆಗೆ ಮನೆ ಬದಲಿಸಿದರೆ ನಂಬರನ್ನು ಬಿಟ್ಟೇ ಹೋಗಬೇಕಿತ್ತು.

ಇಂಟರ್‌ನೆಟ್ ವಿಳಾಸ ಮೊದಲು ಹೀಗೆ ದಾರಿಗೆ ಕಟ್ಟುಬಿದ್ದಿರಲಿಲ್ಲ. 1980ರ ದಶಕದಲ್ಲಿ ಕೇಳಿದವರಿಗೆ ಕೇಳಿದಷ್ಟು, ಅವರವರ ಹೆಸರಿಗೇ ಕೊಟ್ಟುಬಿಡುತ್ತಿದ್ದರು. ಸಂಪರ್ಕ ಯಾರಿಂದ ಪಡೆಯುತ್ತೀರಿ ಎಂದು ಯಾರೂ ಕೇಳುತ್ತಿರಲಿಲ್ಲ. ಸಂಪರ್ಕ ಮಾರುವ ಕಂಪನಿಗಳೇ ಆಗ ಬಹುಮಟ್ಟಿಗೆ ಹುಟ್ಟಿರಲಿಲ್ಲ. ನಮ್ಮಲ್ಲಿ 1986ರಲ್ಲಿ ಶುರುವಾದ ಎರ್ನೆಟ್ ಎಂಬ ಶಿಕ್ಷಣ ಸಂಶೋಧನಾ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಐದು ಐಐಟಿಗಳೂ ಇದ್ದವು. ಆ ಜಾಲದ ಪಾಲಿಗೆ 144.16 ಎಂದು ಶುರುವಾಗುವ 65,536 ವಿಳಾಸಗಳ ಒಂದು ಇಡುಗಂಟು ಬಂತು. ವಿಜ್ಞಾನ ಸಂಸ್ಥೆಯ ಎಷ್ಟೋ ಯಂತ್ರಗಳು ಅದರಲ್ಲೇ ಒಂದೊಂದು ಸಂಖ್ಯೆ ಹಿಡಿದು ಕೂತವು. ಎಲ್ಲರೂ ಒಂದೇ ಜಾಲದೊಳಗೆ ಇರುವ ತನಕ ಹೊರಜಗತ್ತಿಗೆ ಅದು ಒಂದೇ ಸಾಲು. ಬೆಂಗಳೂರಿನವರು ಒಂದು ಕಂಪನಿಯ ಲೈನು, ಮದರಾಸಿನವರು ಇನ್ನೊಂದು ಕಂಪನಿಯ ಲೈನು ಎಂದು ಹಿಡಿದರೋ, ಆ ಗಂಟನ್ನು ಬಿಚ್ಚಿ ತುಂಡು ತುಂಡಾಗಿ ಲೋಕಕ್ಕೆ ಹೇಳಬೇಕಾಗುತ್ತದೆ.

1990ರ ದಶಕದ ಮೊದಲ ವರ್ಷಗಳಲ್ಲೇ ಎಂಜಿನಿಯರುಗಳಿಗೆ ದಿಗಿಲು ಹುಟ್ಟಿತು. ವಿಳಾಸ ಖರ್ಚಾಗುತ್ತಿದ್ದ ವೇಗ ಒಂದು ಚಿಂತೆ, ರೂಟರಿನ ಪಟ್ಟಿ ಬೆಳೆಯುತ್ತಿದ್ದ ವೇಗ ಅದಕ್ಕಿಂತ ದೊಡ್ಡ ಚಿಂತೆ. ಆಗಿನ ರೂಟರುಗಳ ಮೆಮೊರಿ ಇವತ್ತಿನ ಅಗ್ಗದ ಮೊಬೈಲಿಗಿಂತಲೂ ಎಷ್ಟೋ ಕಡಿಮೆ. 1993ರಲ್ಲಿ ಸೈಡರ್ ಎಂಬ ಹೊಸ ಪದ್ಧತಿ ಬಂತು. ಸಂಪರ್ಕ ಕೊಡುವ ಕಂಪನಿಗೆ ದೊಡ್ಡ ಗಂಟು ಕೊಡುವುದು, ಗಿರಾಕಿಗಳು ಅದರಿಂದ ತಮಗೆ ಬೇಕಾದಷ್ಟು ಪಡೆಯುವುದು, ಕಂಪನಿ ಎಲ್ಲರ ಪರವಾಗಿ ಒಂದೇ ಸಾಲು ಸಾರುವುದು. 1996ರಲ್ಲಿ ಯಾಕೋವ್ ರೆಖ್ಟರ್ ಮತ್ತು ಟೋನಿ ಲೀ ಎಂಬ ಎಂಜಿನಿಯರುಗಳು ಇನ್ನೂ ಖಂಡಿತವಾಗಿ ಹೇಳಿದರು: ವಿಳಾಸವನ್ನು ಸ್ವಂತ ಆಸ್ತಿ ಎಂದು ಕೊಡಬೇಡಿ, ಕಡ ಕೊಡಿ, ಕಂಪನಿ ಬದಲಾಯಿಸಿದವರು ಹಳೆಯದನ್ನು ಹಿಂತಿರುಗಿಸಿ ಹೊಸದನ್ನು ಪಡೆಯಲಿ. ರೂಟರಿನ ಕಡೆಯಿಂದ ನೋಡಿದರೆ ಇದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ.

ಗಿರಾಕಿಯ ಕಡೆಯಿಂದ ನೋಡೋಣ. ಹಾಸನದ ಒಂದು ಕಾಲೇಜು ಎಂದಿಟ್ಟುಕೊಳ್ಳಿ. ಒಂದು ಕಂಪನಿಯಿಂದ ಲೈನು, ಅದರ ಜೊತೆಗೆ ಅದೇ ಕಂಪನಿಯ ವಿಳಾಸ. ಮೂರು ವರ್ಷದ ಮೇಲೆ ಇನ್ನೊಬ್ಬರು ಅರ್ಧ ಬೆಲೆಗೆ ಲೈನು ಕೊಡುತ್ತೇವೆಂದು ಬರುತ್ತಾರೆ. ಪ್ರಿನ್ಸಿಪಾಲರಿಗೆ ಸಂತೋಷ, ಲ್ಯಾಬಿನ ಮೇಷ್ಟರಿಗೆ ಎದೆ ಧಸಕ್. ಯಾಕೆಂದರೆ ಕಾಲೇಜಿನ ವೆಬ್‌ಸೈಟು, ಮೇಲ್ ಸರ್ವರು, ಹಾಸ್ಟೆಲಿನ ಫೈರ್‌ವಾಲ್, ಪರೀಕ್ಷೆಯ ಫಲಿತಾಂಶ ಕಳಿಸುವ ಯಂತ್ರ ಎಲ್ಲಕ್ಕೂ ವಿಳಾಸ ಬದಲಿಸಬೇಕು. ಒಳಗಿನದನ್ನು ಹೇಗೋ ಬದಲಿಸಬಹುದು. ಹೊರಗೆ ಶುಲ್ಕ ಕಟ್ಟಿಸಿಕೊಳ್ಳುವ ಬ್ಯಾಂಕು 'ಈ ವಿಳಾಸದಿಂದ ಬಂದದ್ದಕ್ಕೆ ಮಾತ್ರ ಬಾಗಿಲು ತೆಗೆಯುತ್ತೇನೆ' ಎಂದು ಬರೆದಿಟ್ಟುಕೊಂಡಿರುತ್ತದೆ. ಅದನ್ನು ತಿದ್ದಿಸಲು ಅರ್ಜಿ ಕೊಡಬೇಕು, ಅದು ಮುಂಬೈಗೆ ಹೋಗಬೇಕು. ಕೊನೆಗೆ ಮೇಷ್ಟರು ಹೇಳುತ್ತಾರೆ: 'ಸಾರ್, ಹಳೇ ಕಂಪನೀನೇ ಇರ್ಲಿ ಬಿಡಿ.' ವಿಳಾಸದ ಹಗ್ಗ ಹಾಕಿ ಗಿರಾಕಿಯನ್ನು ಕಟ್ಟಿಹಾಕುವುದು ಅಂದರೆ ಇದೇ.

ಇನ್ನೊಂದು ಕಾರಣವೂ ಉಂಟು. ಒಂದೇ ಲೈನನ್ನು ನಂಬಿ ಕೂತರೆ ಅದು ಕೈಕೊಟ್ಟ ದಿನ ಆಸ್ಪತ್ರೆಯ ಬಿಲ್ಲಿಂಗೂ ಬಂದ್, ಸೊಸೈಟಿಯ ಲೇವಾದೇವಿಯೂ ಬಂದ್. ಎರಡು ಕಂಪನಿಗಳಿಂದ ಲೈನು ಪಡೆದು, ಒಂದು ಬಿದ್ದರೆ ಇನ್ನೊಂದು ಹೊರುವಂತೆ ಮಾಡಬೇಕಾದರೆ ಎರಡರ ಮೂಲಕವೂ ತಲುಪಬಹುದಾದ ಒಂದೇ ವಿಳಾಸ ಬೇಕು.

ಹೀಗಾಗಿ ಕಂಪನಿಯ ಹಂಗಿಲ್ಲದ ವಿಳಾಸದ ಬೇಡಿಕೆ ಯಾವಾಗಲೂ ಇತ್ತು, ಅದನ್ನು ಕೊಡುವ ವ್ಯವಸ್ಥೆಯೂ ಇದೆ. ಏಷ್ಯಾ ಪೆಸಿಫಿಕ್ ಪ್ರದೇಶಕ್ಕೆ ಬ್ರಿಸ್ಬೇನಿನ ಎಪಿನಿಕ್ ಸಂಸ್ಥೆ; ಭಾರತಕ್ಕೆ 2012ರಿಂದ ನಿಕ್ಸಿ ಸಂಸ್ಥೆಯ ಕೈಕೆಳಗಿನ ಐಆರ್‌ಐಎನ್‌ಎನ್. ಅರ್ಜಿ ಹಾಕಿ ಶುಲ್ಕ ಕಟ್ಟಿ ವಿಳಾಸ ಪಡೆದರೆ, ಲೈನು ಯಾರದೇ ಆಗಿರಲಿ, ವಿಳಾಸ ನಿಮ್ಮ ಜೊತೆ ಬರುತ್ತದೆ. ಜೊತೆಗೆ ನಿಮ್ಮ ಜಾಲವನ್ನು ಗುರುತಿಸಲು ಒಂದು ಎಎಸ್ ನಂಬರ್. ಬಿಎಸ್‌ಎನ್‌ಎಲ್‌ನ ನಂಬರು 9829. ನಿಮ್ಮದು ಅದರ ಪಕ್ಕದಲ್ಲಿ ಸರಿಸಮಾನವಾಗಿ ನಿಲ್ಲುತ್ತದೆ. 256 ವಿಳಾಸದ ಒಂದು ತುಂಡು, ಬಲ್ಲವರ ಮಾತಿನಲ್ಲಿ ಒಂದು 'ಸ್ಲ್ಯಾಷ್ 24', ಲೋಕದ ಪಟ್ಟಿಯಲ್ಲಿ ಕಾಣಿಸಿಕೊಳ್ಳಬಹುದಾದ ಅತಿ ಚಿಕ್ಕ ಗಾತ್ರ. ಅದಕ್ಕಿಂತ ಚಿಕ್ಕದನ್ನು ಹೆಚ್ಚಿನ ಜಾಲಗಳು ಒಪ್ಪಿಕೊಳ್ಳುವುದಿಲ್ಲ. ಕಾನೂನೇನಲ್ಲ, ರೂಢಿಯಿಂದ ಬಂದ ಕಟ್ಟು.

ಈಗ ಆ ಕಾಲೇಜು ಸ್ವಂತ ವಿಳಾಸ ಪಡೆದು ಎರಡು ಕಂಪನಿಗಳ ಲೈನು ಹಿಡಿಯಿತು ಅನ್ನೋಣ. ಜಗತ್ತಿನ ಪಟ್ಟಿಗೆ ಒಂದು ಸಾಲು ಸೇರಿತು. ಹಾಸನದಲ್ಲಿ ಮಾತ್ರ ಅಲ್ಲ. ಸಾವೊ ಪಾಲೊದಲ್ಲಿ, ಫ್ರಾಂಕ್‌ಫರ್ಟಿನಲ್ಲಿ, ಟೋಕಿಯೊದಲ್ಲಿ, ಪೂರ್ಣ ಪಟ್ಟಿ ಇಟ್ಟುಕೊಂಡ ಪ್ರತಿಯೊಂದು ರೂಟರಿನಲ್ಲೂ. ಒಂದು ಮಧ್ಯಾಹ್ನ ರಸ್ತೆ ಅಗಲ ಮಾಡುವ ಜೆಸಿಬಿ ಆಪ್ಟಿಕಲ್ ಕೇಬಲನ್ನು ಕಿತ್ತು ಹಾಕುತ್ತದೆ. ನಮ್ಮ ಜಿಲ್ಲೆಯಲ್ಲಿ ಇದು ಆಗಾಗ ಆಗುವ ಮಾತೇ. ಕಾಲೇಜಿನ ವಿಳಾಸ ಮೊದಲಿನಂತೆ ಕಂಪನಿಯ ಗಂಟಿನೊಳಗೆ ಇದ್ದಿದ್ದರೆ ಕೇಬಲು ಕಿತ್ತ ಸುದ್ದಿ ಆ ಕಂಪನಿಯ ಹೊಸಿಲು ದಾಟುತ್ತಿರಲಿಲ್ಲ. ಒಟ್ಟು ಸಾಲು ಹಾಗೇ ನಿಂತಿರುತ್ತಿತ್ತು. ಈಗ ಹಾಗಲ್ಲ. ಹಾಸನದ ರೂಟರು 'ಆ ದಾರಿ ಇಲ್ಲ' ಎಂದು ಪಕ್ಕದವನಿಗೆ ಹೇಳುತ್ತದೆ, ಅವನು ಬೆಂಗಳೂರಿಗೆ, ಬೆಂಗಳೂರು ಮುಂಬೈ ಚೆನ್ನೈಗಳಿಗೆ, ಅಲ್ಲಿಂದ ಸಮುದ್ರದಾಚೆಗೆ. ಬಿಜಿಪಿ ಎಂಬುದು ಈ ಸುದ್ದಿ ಹಂಚುವ ಕಟ್ಟಳೆಯ ಹೆಸರು. ಒಂದೆರಡು ನಿಮಿಷದಲ್ಲಿ ಭೂಮಿಯ ಆ ಬದಿಯ ಯಂತ್ರವೂ ತನ್ನ ಪಟ್ಟಿಯ ಆ ಸಾಲನ್ನು ತೆಗೆದು ಎರಡನೇ ಕಂಪನಿಯ ದಾರಿಯನ್ನು ಬರೆದುಕೊಳ್ಳುತ್ತದೆ. ಸಂಜೆ ಕೇಬಲು ಜೋಡಿಸಿದ ಮೇಲೆ ಮತ್ತೆ ಎಲ್ಲ ಕಡೆ ತಿದ್ದುಪಡಿ. ಸಾವೊ ಪಾಲೊದವರಿಗೆ ನಮ್ಮ ಕಾಲೇಜಿನಿಂದ ಆಗಬೇಕಾದ್ದು ಏನೂ ಇಲ್ಲ. ಆದರೂ ಅವರ ಯಂತ್ರದ ಮೆಮೊರಿಯಲ್ಲಿ ಒಂದು ಮನೆ, ಪ್ರೊಸೆಸರಿನ ಒಂದಷ್ಟು ದುಡಿಮೆ ನಮ್ಮ ಲೆಕ್ಕಕ್ಕೆ ಹೋಯಿತು. ಯಾರೂ ಬಿಲ್ಲು ಕಳಿಸಲಿಲ್ಲ.

ಸಾಲಿಗಿಷ್ಟು ಎಂದು ಶುಲ್ಕ ಇಡಬೇಕೆಂಬ ಸಲಹೆ 1990ರ ದಶಕದಲ್ಲೇ ಬಂದಿತ್ತು. ವಸೂಲಿ ಮಾಡುವವರು ಯಾರು, ಹಂಚುವವರು ಯಾರು ಎಂಬಲ್ಲಿಗೆ ಅದು ನಿಂತುಹೋಯಿತು. ಇಂಟರ್‌ನೆಟ್ಟಿಗೆ ತಹಸೀಲ್ದಾರರಿಲ್ಲ.

ಪಟ್ಟಿ ಎಷ್ಟು ಬೆಳೆದಿದೆ ಎಂಬುದನ್ನು ಎಪಿನಿಕ್‌ನ ಮುಖ್ಯ ವಿಜ್ಞಾನಿ ಜೆಫ್ ಹ್ಯೂಸ್ಟನ್ ವರ್ಷಗಟ್ಟಲೆಯಿಂದ ಎಣಿಸಿಡುತ್ತ ಬಂದಿದ್ದಾರೆ. 1994ರ ಸುಮಾರಿಗೆ 20,000 ಸಾಲು. 2001ರ ಹೊತ್ತಿಗೆ ಲಕ್ಷದ ಆಸುಪಾಸು. 2014ರಲ್ಲಿ ಐದು ಲಕ್ಷ. ಈಗ ಹತ್ತು ಲಕ್ಷದ ಆಸುಪಾಸಿನಲ್ಲಿದೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಆ 256ರ ಪುಟ್ಟ ತುಂಡುಗಳೇ.

ಇಷ್ಟಕ್ಕೂ ಸ್ವಂತ ವಿಳಾಸ ಪಡೆದವರೇ ಕಾರಣ ಎಂದು ಬೆರಳು ತೋರಿಸುವವರುಂಟು. ಅದು ಅನ್ಯಾಯ. ಎರಡು ಲೈನು ಇರುವವನು ಕಂಪನಿಯಿಂದ ಕಡ ಪಡೆದ ತುಂಡನ್ನೇ ಎರಡೂ ಕಡೆಯಿಂದ ಸಾರಿದರೂ ಪಟ್ಟಿಗೆ ಒಂದು ಸಾಲು ಸೇರಿಯೇ ಸೇರುತ್ತದೆ. ಅಲ್ಲಿ ಸಾಲನ್ನು ಹುಟ್ಟಿಸಿದ್ದು ಎರಡನೇ ಲೈನೇ ಹೊರತು ವಿಳಾಸದ ಒಡೆತನವಲ್ಲ. ಒಂದೇ ಲೈನು ಇಟ್ಟುಕೊಂಡು, ಬರೀ ಕಂಪನಿ ಬದಲಿಸುವ ಅನುಕೂಲಕ್ಕೆಂದು ಸ್ವಂತ ವಿಳಾಸ ಪಡೆದವರ ಸಾಲು ಮಾತ್ರ ನಿಜಕ್ಕೂ ಈ ಪದ್ಧತಿಯ ಖಾತೆಗೆ ಹೋಗಬೇಕಾದದ್ದು. ಇನ್ನು ದೊಡ್ಡ ದೊಡ್ಡ ಕಂಪನಿಗಳಂತೂ ತಮ್ಮ ಇಡೀ ಗಂಟನ್ನು ಒಂದೇ ಸಾಲಿನಲ್ಲಿ ಹೇಳಬಹುದಾದಾಗ ನೂರು ಚೂರು ಮಾಡಿ ಸಾರುತ್ತವೆ. ಪಟ್ಟಿಯ ಸರಿಸುಮಾರು ಅರ್ಧ ಭಾಗ ಹೀಗೆ ದೊಡ್ಡ ಗಂಟೊಂದು ಇದ್ದೂ ಅದರೊಳಗಿಂದ ಕಿತ್ತು ಹೇಳಿದ ಚೂರುಗಳು. ವಾರ ವಾರ ಹೊರಬರುತ್ತಿದ್ದ ಸೈಡರ್ ವರದಿ ಹೀಗೆ ಚೂರು ಮಾಡುವವರ ಹೆಸರನ್ನು ಮುಲಾಜಿಲ್ಲದೆ ಪಟ್ಟಿ ಮಾಡುತ್ತಿತ್ತು. ಭಾರತದ ದೊಡ್ಡ ಜಾಲಗಳೂ ಅದರಲ್ಲಿ ಕಾಣಿಸಿಕೊಂಡದ್ದುಂಟು.

ಚೂರು ಮಾಡುವುದಕ್ಕೆ ಕಾರಣ ಇಲ್ಲದಿಲ್ಲ. ರೂಟರಿಗೆ ಎರಡು ಸಾಲು ಹೊಂದಿಕೆಯಾದರೆ ಹೆಚ್ಚು ನಿಖರವಾದ, ಅಂದರೆ ಚಿಕ್ಕ ತುಂಡಿನ ಸಾಲನ್ನೇ ಅದು ನಂಬುತ್ತದೆ. ಒಂದು ಕೇಬಲಿನ ಮೇಲೆ ಸಂಚಾರ ಜಾಸ್ತಿಯಾದರೆ ಒಂದಷ್ಟು ವಿಳಾಸವನ್ನು ಚೂರು ಮಾಡಿ ಇನ್ನೊಂದು ಕೇಬಲಿನ ಕಡೆಯಿಂದ ಸಾರಿ ಹೊರೆ ಹಂಚಬಹುದು. ಇದೇ ನಿಯಮದಿಂದ ಅವಾಂತರವೂ ಆಗಿದೆ. 2008ರ ಫೆಬ್ರವರಿ 24ರಂದು ತಮ್ಮ ದೇಶದೊಳಗೆ ಯೂಟ್ಯೂಬ್ ತಡೆಯಲು ಹೋದ ಪಾಕಿಸ್ತಾನ್ ಟೆಲಿಕಾಂ, ಯೂಟ್ಯೂಬಿನ 1,024ರ ಗಂಟಿನೊಳಗಿನ 256ರ ಒಂದು ತುಂಡು ತನ್ನದೆಂದು ಸಾರಿತು. ಆ ಸಾಲು ಗಡಿ ದಾಟಿ ಹೊರಗೆ ಸೋರಿತು, ಲೋಕದ ರೂಟರುಗಳು ಚಿಕ್ಕ ತುಂಡನ್ನು ನಂಬಿದವು, ಯೂಟ್ಯೂಬ್ ಎರಡು ಗಂಟೆ ಹೊತ್ತು ಬಹಳ ಕಡೆ ಮಾಯವಾಯಿತು. ಇಂಥದ್ದಕ್ಕೆ ಹೆದರಿದವರು ತಮ್ಮ ಗಂಟನ್ನು ಮೊದಲೇ 256ರ ತುಂಡುಗಳಾಗಿ ಸಾರಿಬಿಡುತ್ತಾರೆ, ಬೇರೆಯವರು ಇನ್ನೂ ಚಿಕ್ಕದನ್ನು ಸಾರುವ ಹಾಗೇ ಇರಬಾರದೆಂದು. ಪಟ್ಟಿ ಮತ್ತಷ್ಟು ಉದ್ದವಾಗುತ್ತದೆ.

ಉದ್ದವಾದರೆ ಏನಾಗುತ್ತದೆ? ಪಟ್ಟಿ ಹುಡುಕಲು ರೂಟರಿನಲ್ಲಿ ಟೀಕ್ಯಾಮ್ ಎಂಬ ವಿಶೇಷ ಮೆಮೊರಿ ಇರುತ್ತದೆ. ಕಂಪ್ಯೂಟರಿನ ಸಾಮಾನ್ಯ ಮೆಮೊರಿಗಿಂತ ಬಹಳ ದುಬಾರಿ, ವಿದ್ಯುತ್ತನ್ನೂ ಚೆನ್ನಾಗಿ ಕುಡಿಯುತ್ತದೆ, ಮತ್ತು ಬೇಕೆಂದಾಗ ಅಂಗಡಿಯಿಂದ ತಂದು ಸಿಕ್ಕಿಸುವಂಥದ್ದಲ್ಲ. ಸಿಸ್ಕೊ ಕಂಪನಿಯ ಹಳೆಯ, ಆದರೆ ಎಲ್ಲೆಲ್ಲೂ ಬಳಕೆಯಲ್ಲಿದ್ದ ಒಂದು ಮಾದರಿಯಲ್ಲಿ ಅದನ್ನು 5,24,288 ಸಾಲಿಗೆ ಮಿತಿಗೊಳಿಸಿಟ್ಟಿದ್ದರು. 2014ರ ಆಗಸ್ಟ್ 12ರಂದು ಅಮೆರಿಕದ ವೆರೈಝನ್ ತನ್ನ ಗಂಟುಗಳನ್ನು ಬಾಯಿತಪ್ಪಿ ಹದಿನೈದು ಸಾವಿರದಷ್ಟು ಚೂರುಗಳಾಗಿ ಸಾರಿಬಿಟ್ಟಿತು. ಕೆಲವೇ ನಿಮಿಷದ ಮಾತು. ಆದರೆ ಅಂಚಿನಲ್ಲಿದ್ದ ಪಟ್ಟಿ ಮಿತಿಯನ್ನು ದಾಟಿತು. ಹಿಡಿಸಲಾರದೆ ಕೆಲವು ರೂಟರುಗಳು ಹೊಸ ಸಾಲುಗಳನ್ನು ಕೈಬಿಟ್ಟವು, ಕೆಲವು ನಿಧಾನವಾದವು. ಈಬೇ, ಲಾಸ್ಟ್‌ಪಾಸ್ ಮೊದಲಾದ ತಾಣಗಳು ಸಿಗದೆ ಜನ ಒದ್ದಾಡಿದರು. ತಮಾಷೆಯೆಂದರೆ ಸಿಸ್ಕೊ ಮೂರು ತಿಂಗಳು ಮೊದಲೇ ಎಚ್ಚರಿಕೆ ಕೊಟ್ಟಿತ್ತು, ಮಿತಿ ಹೆಚ್ಚಿಸುವ ದಾರಿಯನ್ನೂ ತಿಳಿಸಿತ್ತು. ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರುಮಾಡಬೇಕಿತ್ತು, ಅಷ್ಟೆ.

ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ತೊಡಕನ್ನು ಮೊಬೈಲಿನಲ್ಲಿ ಬಗೆಹರಿಸಿಲ್ಲವೇ ಎಂದು ನೀವು ಕೇಳಬಹುದು. 2010ರ ನವೆಂಬರ್ 25ರಂದು ಹರಿಯಾಣದಲ್ಲಿ, 2011ರ ಜನವರಿ 20ರಿಂದ ಇಡೀ ದೇಶದಲ್ಲಿ, ಕಂಪನಿ ಬದಲಿಸಿದರೂ ನಂಬರು ಬದಲಿಸಬೇಕಾಗಿಲ್ಲ ಎಂದಾಯಿತು. 2015ರ ಜುಲೈ 3ರಿಂದ ರಾಜ್ಯ ಬದಲಿಸಿದರೂ ಅದೇ ನಂಬರು. ಅಂದರೆ ಎಸ್‌ಟಿಡಿ ಕೋಡಿನ ಕಾಲದ ಕಟ್ಟು ಪೂರ್ತಿ ಬಿಚ್ಚಿಹೋಯಿತು. ಅಲ್ಲಿ ಮಾಡಿದ ಉಪಾಯ ಬೇರೆ. ದೇಶವನ್ನು ಎರಡು ವಲಯ ಮಾಡಿ, ವಲಯಕ್ಕೊಂದು ಸಂಸ್ಥೆಗೆ ಈ ದಾಖಲೆಯ ಹೊಣೆ ಕೊಟ್ಟರು. ಕರ್ನಾಟಕ ಎರಡನೇ ವಲಯದಲ್ಲಿದೆ. ನೀವು ಕರೆ ಮಾಡಿದಾಗ ನಿಮ್ಮ ಕಂಪನಿ ಮೊದಲು ಆ ದಾಖಲೆಯ ಪ್ರತಿ ನೋಡಿ, ಈ ನಂಬರು ಈಗ ಯಾರ ಬಳಿ ಇದೆ ಎಂಬ ದಾರಿಯ ಸಂಖ್ಯೆ ಪಡೆದು, ಆಮೇಲೆ ಕರೆ ಕಳಿಸುತ್ತದೆ. ಆಳು ಯಾರು ಎಂಬುದಕ್ಕೆ ಒಂದು ಸಂಖ್ಯೆ, ಎಲ್ಲಿದ್ದಾನೆ ಎಂಬುದಕ್ಕೆ ಇನ್ನೊಂದು.

ಇಂಟರ್‌ನೆಟ್ ವಿಳಾಸ ಮಾತ್ರ ಈ ಎರಡನ್ನೂ ಒಂದೇ ಸಂಖ್ಯೆಯಲ್ಲಿ ಹೇಳುತ್ತದೆ. ತೊಡಕಿನ ಮೂಲ ಅಲ್ಲಿದೆ. 2006ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತಜ್ಞರು ಇದಕ್ಕೆಂದೇ ಸೇರಿದಾಗ ಎರಡನ್ನೂ ಬೇರೆ ಮಾಡಬೇಕೆಂಬ ಮಾತು ಗಟ್ಟಿಯಾಗಿ ಬಂತು. ಲಿಸ್ಪ್ ಎಂಬ ವಿಧಾನ ಅದರ ಬೆನ್ನಲ್ಲೇ ಹುಟ್ಟಿತು. ಕೆಲವು ಕಂಪನಿಗಳ ಒಳಜಾಲಗಳಲ್ಲಿ ಅದು ಕೆಲಸ ಮಾಡುತ್ತಿದೆ, ಲೋಕದ ಪಟ್ಟಿಯನ್ನು ಇಳಿಸಲಿಲ್ಲ. ಫೋನು ಕರೆಗೆ ಒಮ್ಮೆ ದಾರಿ ಹುಡುಕಿದರೆ ಹತ್ತು ನಿಮಿಷ ಮಾತಾಡಬಹುದು. ಇಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಪ್ಯಾಕೆಟ್ಟುಗಳಿಗೆ ಆಗಿಂದಾಗಲೇ ತೀರ್ಮಾನ ಬೇಕು. ಅಲ್ಲದೆ ಅಲ್ಲಿ ಟ್ರಾಯ್ ಎಂಬ ನಿಯಂತ್ರಣ ಸಂಸ್ಥೆ ಇದೆ, ಆದೇಶ ಹೊರಡಿಸಿದರೆ ಎಲ್ಲ ಕಂಪನಿಗಳೂ ಬಗ್ಗಬೇಕು. ಇಲ್ಲಿ ನಾನು ಹಣ ಖರ್ಚು ಮಾಡಿ ಯಂತ್ರ ಬದಲಿಸಿದರೆ ಹಗುರಾಗುವುದು ಬೇರೆಯವರ ಪಟ್ಟಿ. ಯಾರು ಮೊದಲು ಮಾಡುತ್ತಾರೆ?

ಈ ನಡುವೆ ವಿಳಾಸಗಳೇ ತೀರಿದವು. ಹಳೆಯ ಐಪಿವಿ4 ಪದ್ಧತಿಯಲ್ಲಿ ಇರುವುದೇ ಒಟ್ಟು 429 ಕೋಟಿ. 2011ರ ಫೆಬ್ರವರಿ 3ರಂದು ಜಾಗತಿಕ ಉಗ್ರಾಣ ಬರಿದಾಯಿತು, ಏಪ್ರಿಲ್ 15ಕ್ಕೆ ನಮ್ಮ ಎಪಿನಿಕ್ ಕೊನೆಯ ಗಂಟಿಗೆ ಬಂತು. ಅಂದಿನಿಂದ ಆ ಗಂಟಿನಿಂದ ಹೊಸಬರಿಗೆ ಹೆಚ್ಚೆಂದರೆ 1,024, 2019ರಿಂದ ಹೆಚ್ಚೆಂದರೆ 512 ವಿಳಾಸ. ಇತ್ತ ನಮ್ಮಲ್ಲಿ 'ಸಿ' ವರ್ಗದ ಪರವಾನಗಿ ಪಡೆದು ಜಿಲ್ಲಾ ಮಟ್ಟದಲ್ಲೇ ಇಂಟರ್‌ನೆಟ್ ಕೊಡಬಹುದು. ಮೊನ್ನೆಮೊನ್ನೆಯವರೆಗೆ ಕೇಬಲ್ ಟಿವಿ ಎಳೆಯುತ್ತಿದ್ದವರು ತಾಲ್ಲೂಕು ಊರುಗಳಲ್ಲಿ ಈಗ ಫೈಬರ್ ಎಳೆಯುತ್ತಿದ್ದಾರೆ. ಅವರಿಗೊಂದು ಎಎಸ್ ನಂಬರು, 256ರ ಒಂದೆರಡು ತುಂಡು. ಹಳ್ಳಿಗೆ ಫೈಬರ್ ಬರುತ್ತಿರುವುದು ಬಹಳ ಕಡೆ ಇಂಥವರಿಂದಲೇ, ಹಾಗಾಗಿ ಈ ಸಾಲುಗಳ ಬಗ್ಗೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಲೋಕದ ಪಟ್ಟಿಯಲ್ಲಿ ಈಗ ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಜಾಲಗಳಿವೆ. ಅದರಲ್ಲೊಂದು ಅರಸೀಕೆರೆಯದಾದರೆ ಸಾವೊ ಪಾಲೊದ ಯಂತ್ರ ಅಷ್ಟು ಹೊರಲಿ. ಬ್ರೆಜಿಲ್ಲಿನ ಸಣ್ಣ ಊರುಗಳ ಸಾಲುಗಳನ್ನು ಬೆಂಗಳೂರಿನ ಯಂತ್ರಗಳು ಹೊರುತ್ತಿಲ್ಲವೇ?

ಹೊಸ ಐಪಿವಿ6ರಲ್ಲಿ ವಿಳಾಸಕ್ಕೆ ಬರವಿಲ್ಲ. ಬಸ್ತಿಹಳ್ಳಿಯ ಆ ಹುಡುಗನ ಫೋನಿಗೂ ಬಹುಶಃ ಅದೇ ಸಿಕ್ಕಿರುತ್ತದೆ. 2016ರಲ್ಲಿ ಜಿಯೊ ಬಂದಾಗಿನಿಂದ ಭಾರತ ಇದರಲ್ಲಿ ಮುಂದಿನ ಸಾಲಿನಲ್ಲಿದೆ. ಐಪಿವಿ6 ರೂಪಿಸಿದವರು ಸ್ವಂತ ವಿಳಾಸದ ಗೋಜೇ ಬೇಡ, ಎಲ್ಲರೂ ಕಂಪನಿಯ ಗಂಟಿನಲ್ಲೇ ಇರಲಿ ಎಂದುಕೊಂಡಿದ್ದರು. ಆ ಕಟ್ಟು ಬಹಳ ದಿನ ನಿಲ್ಲಲಿಲ್ಲ. 2006ರಲ್ಲಿ ಉತ್ತರ ಅಮೆರಿಕ, ಅದರ ಹಿಂದೆಯೇ ಎಪಿನಿಕ್, 2009ರಲ್ಲಿ ಯುರೋಪು ಸ್ವಂತ ವಿಳಾಸಕ್ಕೆ ಬಾಗಿಲು ತೆರೆದವು. ಕಂಪನಿಗೆ ಕಟ್ಟುಬೀಳುವ ಹೊಸ ಪದ್ಧತಿಗೆ ದೊಡ್ಡ ಗಿರಾಕಿಗಳು ಬರಲು ಒಪ್ಪದಿದ್ದಾಗ ಬೇರೆ ದಾರಿ ಇರಲಿಲ್ಲ. ಈಗ ಐಪಿವಿ6ರ ಪಟ್ಟಿಯೂ ಎರಡು ಲಕ್ಷ ಸಾಲು ದಾಟಿದೆ, ಅದರ ಒಂದೊಂದು ಸಾಲೂ ಮೆಮೊರಿಯಲ್ಲಿ ಹೆಚ್ಚು ಜಾಗ ಹಿಡಿಯುತ್ತದೆ.

ಎಂಜಿನಿಯರುಗಳು ಹೆದರಿದ್ದ ಪ್ರಳಯ ಮಾತ್ರ ಬರಲಿಲ್ಲ. ಪಟ್ಟಿ ಬೆಳೆದ ಹಾಗೆ ಯಂತ್ರಗಳೂ ಬೆಳೆದವು. ದಿನವೂ ಹರಿದಾಡುವ ತಿದ್ದುಪಡಿಗಳು ಪಟ್ಟಿಯಷ್ಟು ವೇಗವಾಗಿ ಹೆಚ್ಚಿಲ್ಲ, ಅವುಗಳಲ್ಲಿ ದೊಡ್ಡ ಪಾಲು ಕೆಲವೇ ಕೆಲವು ಅಲುಗಾಡುವ ಸಾಲುಗಳಿಂದ ಬರುತ್ತದೆ. ಆದ್ದರಿಂದ ಸ್ವಂತ ವಿಳಾಸವನ್ನು ನಿಲ್ಲಿಸಿ ಎಂಬ ಕೂಗಿಗೆ ನಾನು ದನಿಗೂಡಿಸುವುದಿಲ್ಲ. ಗಿರಾಕಿ ಕಂಪನಿ ಬಿಟ್ಟು ಹೋಗಬಲ್ಲ ಎಂಬ ಭಯ ಇರುವುದರಿಂದಲೇ ಕಂಪನಿ ಸರಿಯಾಗಿ ನಡೆದುಕೊಳ್ಳುವುದು. ನನ್ನ ತಕರಾರು ಇರುವುದು ಸುಮ್ಮಸುಮ್ಮನೆ ಚೂರು ಮಾಡುವವರ ಮೇಲೆ.

ಕೇಳುತ್ತಿರುವವರಲ್ಲಿ ಜಾಲ ನಡೆಸುವವರು, ಕಾಲೇಜು ಆಸ್ಪತ್ರೆಗಳ ಲ್ಯಾಬು ನೋಡಿಕೊಳ್ಳುವವರು ಇದ್ದರೆ ಅವರಿಗೆ ಒಂದು ಮಾತು. ಒಂದೇ ಲೈನು ಇದ್ದರೆ ಕಂಪನಿಯ ವಿಳಾಸವೇ ಸಾಕು; ಯಂತ್ರಗಳನ್ನು ಸಂಖ್ಯೆಯಿಂದ ಕರೆಯುವ ಬದಲು ಹೆಸರಿನಿಂದ ಕರೆಯುವಂತೆ ಮೊದಲೇ ಹೊಂದಿಸಿಟ್ಟರೆ ಬದಲಾವಣೆಯ ದಿನದ ಅರ್ಧ ಕಷ್ಟ ಕಳೆಯುತ್ತದೆ. ಎರಡು ಲೈನು ನಿಜವಾಗಿ ಇದ್ದರೆ ಸಂಕೋಚವಿಲ್ಲದೆ ಐಆರ್‌ಐಎನ್‌ಎನ್‌ಗೆ ಅರ್ಜಿ ಹಾಕಿ. 512 ಸಿಕ್ಕಿದರೆ ಅದನ್ನು ಸ್ಲ್ಯಾಷ್ 23 ಎಂದು ಒಂದೇ ಸಾಲಾಗಿ ಸಾರಿ. ಎರಡು 24 ಮಾಡಿ ಸಾರುವ ಅಭ್ಯಾಸ ಎಷ್ಟೋ ಕಡೆ ಬರೀ ಇನ್ನೊಬ್ಬರ ರೂಟರಿನಿಂದ ನಕಲು ಮಾಡಿಕೊಂಡದ್ದು. ಐಪಿವಿ6ರಲ್ಲಿ ನಿಮಗೆ ಕೊಡುವ ಗಂಟು ಹೇಗಿದ್ದರೂ ದೊಡ್ಡದು. ಅದನ್ನು ಇಡಿಯಾಗಿ ಸಾರಲು ರೂಟರಿನಲ್ಲಿ ಬರೆಯಬೇಕಾದ್ದು ಒಂದೇ ಸಾಲು, ಮತ್ತು ನೀವು ಏನು ಸಾರುತ್ತಿದ್ದೀರಿ ಎಂಬುದನ್ನು ಹೊರಗಿನಿಂದ ಯಾರು ಬೇಕಾದರೂ ನಿಮ್ಮ ಎಎಸ್ ನಂಬರು ಹಾಕಿ ನೋಡಬಹುದು.